ಗವರ್ನರ್ ವಾಲ್ಕೂರನ ಮನೆತನ

ಬಸಲಿಂಗಪ್ಪ ದೇಸಾಯಿಯವರು ಯಾರನ್ನೂ ನಂಬುತ್ತಿರಲಿಲ್ಲ. ನಾನು ಚಾಡಿ ಹೇಳುತ್ತಿಲ್ಲ, ಇದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು. ಅಂಗಡಿಯಲ್ಲಿ ಹಾಲಿನ ಗ್ಯಾಲನ್ ತೆಗೆಯುವಾಗ ಮುಂದಿನ ಸಾಲನ್ನು ಬಿಟ್ಟು ಹಿಂದಕ್ಕೆ ಕೈ ಹಾಕುವರು. ಮುಂದಿಟ್ಟದ್ದು ಹಳೆಯದು, ಸಾಗಹಾಕಲಿಕ್ಕೆ ಇಟ್ಟದ್ದು ಎಂದು ಅವರ ವಾದ. ಕಾರಿಗೆ ಬೀಗ ಹಾಕಿ ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಹಿಡಿಕೆ ಜಗ್ಗಿ ನೋಡುವರು. ಇಂಡಿಯನ್ ಸ್ಟೋರಿನಲ್ಲಿ ಯಾರಾದರೂ ನಗುತ್ತಾ "ನೀವು ಕನ್ನಡದವರಾ?" ಎಂದರೆ "ಯಾಕ, ಸೋಪು ಮಾರ್ತೀರೇನು?" ಎಂದು ಕೇಳಿಬಿಡುವರು. ಆಗ ಮೇರಿಲ್ಯಾಂಡಿನಲ್ಲಿ ಹಾಗೆ ಮಾತಾಡಿಸಿದವರಲ್ಲಿ ಬಹಳ ಜನ ಸೋಪು ಮಾರುವವರೇ ಆಗಿದ್ದರು, ಆದ್ದರಿಂದ ಅವರನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ.

ಅವರ ಕೆಲಸವೂ ಅಂಥದ್ದೇ. ರಸ್ತೆ ಹಾಕುವ ಮುನ್ನ ನೆಲ ಕೊರೆದು ಒಳಗಿನ ಮಣ್ಣು ಎಂಥದ್ದೆಂದು ನೋಡುವ ಎಂಜಿನಿಯರ್. ಕ್ಲಾರ್ಕ್ಸ್‌ಬರ್ಗ್ ಕಡೆಯ ಜೋಳದ ಹೊಲಗಳ ಮೇಲೆ ಮನೆ ಕಟ್ಟುವವರ ಕಣ್ಣು ಬೀಳತೊಡಗಿದ್ದ ಕಾಲ ಅದು. ಇವರು ಬೂಟು ಹಾಕಿಕೊಂಡು ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದರು. "ಮ್ಯಾಲೆ ಕಾಣೂದು ನೆಲ ಅಲ್ರೀ, ಒಳಗ ಏನೈತಿ ಅನ್ನೂದು ನೆಲ" ಎನ್ನುವರು. ಧಾರವಾಡದ ಕಡೆಯ ಮನುಷ್ಯ. ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದರೂ ಮಾತು ನವಲಗುಂದ ಬಿಟ್ಟು ಕದಲಿರಲಿಲ್ಲ.

ನಾನು ಮೈಸೂರಿನವಳು, ಹೆಸರು ಮೈಥಿಲಿ. ಗೇಥರ್ಸ್‌ಬರ್ಗಿನ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನ ಹಿಂದೆ ಪಾರ್ಟ್‌ಟೈಮ್ ಕೆಲಸದಲ್ಲಿದ್ದೆ. ತೊಂಬತ್ತೈದರ ಚಳಿಗಾಲದ ಒಂದು ಶನಿವಾರ ದೇಸಾಯಿಯವರು ಬಂದು, ಹಿಂದೆ ಮುಂದೆ ನೋಡಿ, ತಗ್ಗಿದ ದನಿಯಲ್ಲಿ ಕ್ಯಾರಿಬಿಯನ್ ಸಮುದ್ರದ ಒಂದು ದ್ವೀಪದ ಹೆಸರು ಹೇಳಿದರು. "ಅಲ್ಲಿ ಆಳಿದ ಗವರ್ನರ್‌ಗಳ ಬಗ್ಗೆ ಪುಸ್ತಕ ಬೇಕಾಗಿತ್ತು. ಫ್ರೆಂಚರವರೂ ಬೇಕು, ಇಂಗ್ಲಿಷರವರೂ ಬೇಕು." ದ್ವೀಪದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಮ್ಮವರು ನಾಳೆ ಬೆಳಿಗ್ಗೆಯೇ ಅಲ್ಲಿಗೆ ಫೋನ್ ಹಚ್ಚಿ ವಿಚಾರಿಸುತ್ತಾರೆ.

ಮಣ್ಣು ನೋಡುವ ಮನುಷ್ಯನಿಗೆ ಗವರ್ನರ್‌ಗಳೇಕೆ? ನನಗೆ ಅಲ್ಲೇ ಅನುಮಾನ ಬಂತು. ಬೇರೆ ಊರುಗಳ ಲೈಬ್ರರಿಗಳಿಂದ ದಪ್ಪ ದಪ್ಪ ಪುಸ್ತಕ ತರಿಸಿಕೊಟ್ಟೆ. ಅವರು ಗೋಡೆಗೆ ಬೆನ್ನು ಕೊಟ್ಟು, ಓದುತ್ತಿದ್ದ ಪುಟ ಯಾರಿಗೂ ಕಾಣದ ಹಾಗೆ ಕೂತು ಓದುತ್ತಿದ್ದರು. ಸುದ್ದಿ ನಮ್ಮ ಕನ್ನಡ ಕೂಟಕ್ಕೆ ಹೇಗೆ ಮುಟ್ಟಿತೋ, ನನ್ನ ಬಾಯಿಂದಲ್ಲ. ಕೂಟದ ಅಧ್ಯಕ್ಷರು ಸೂರ್ಯನಾರಾಯಣ, ಬೆಂಗಳೂರಿನವರು, ಎಲ್ಲ ಬಲ್ಲವರು. "ಸಿಂಪಲ್ ಕಣ್ರೀ, ಅಲ್ಲೆಲ್ಲ ಟ್ಯಾಕ್ಸ್ ಇಲ್ಲ. ದೇಸಾಯಿ ಅಲ್ಲೊಂದು ಅಕೌಂಟ್ ಓಪನ್ ಮಾಡಿದಾನೆ" ಎಂದರು. ಅವರ ಹೆಂಡತಿ ಶೈಲಜಾ ಇನ್ನೂ ಮುಂದೆ ಹೋಗಿ, ಅಲ್ಲಿ ಇನ್ನೊಂದು ಸಂಸಾರವೇ ಇರಬಹುದು, ಪಾಪ ಶಿವಕ್ಕ ಎಂದು ನಿಟ್ಟುಸಿರು ಬಿಟ್ಟಳು. ಶಿವಕ್ಕ ದೇಸಾಯಿಯವರ ಹೆಂಡತಿ. ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಹೆಚ್ಚು ಮಾತಿಲ್ಲದ ಹೆಂಗಸು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ನನಗೂ ಅನಿಸಿತ್ತು, ಸುಳ್ಳೇಕೆ ಹೇಳಲಿ.

ಅವರು ಹಿಂತಿರುಗಿಸಿದ ಪುಸ್ತಕಗಳನ್ನು ನಾನೂ ತಿರುವಿಹಾಕಿದೆ. ದೊಡ್ಡ ಚೆಂಡಾಟದ ಕಥೆ ಅದು. ಸಕ್ಕರೆ ಬೆಳೆಯುವ ಪುಟ್ಟ ದ್ವೀಪ. ಯೂರೋಪಿನಲ್ಲಿ ಯುದ್ಧವಾದಾಗಲೆಲ್ಲ ಇಂದು ಫ್ರೆಂಚರ ಕೈಗೆ, ನಾಳೆ ಇಂಗ್ಲಿಷರ ಕೈಗೆ. ಒಬ್ಬ ಗವರ್ನರ್ ಹಡಗಿನಿಂದ ಇಳಿದು, ಬಂಗಲೆಗೆ ಪರದೆ ಕಟ್ಟಿಸಿ, ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಕೊಲ್ಲಿಯಲ್ಲಿ ಇನ್ನೊಂದು ಬಾವುಟದ ಹಡಗುಗಳು ನಿಂತಿರುತ್ತಿದ್ದವು. ಊರ ಜನ ಎರಡೂ ಬಾವುಟ ಮಡಿಚಿಟ್ಟುಕೊಂಡಿರುತ್ತಿದ್ದರಂತೆ. ಯಾರು ಯಾರನ್ನು ನಂಬಬೇಕು ಎಂಬುದೇ ಅಲ್ಲಿ ತಿಳಿಯುವಂತಿರಲಿಲ್ಲ. ದೇಸಾಯಿಯವರಿಗೆ ಹೇಳಿ ಮಾಡಿಸಿದ ಊರು ಎಂದುಕೊಂಡೆ.

ಒಂದು ಶನಿವಾರ ಅವರು ಪುಸ್ತಕ ಹಿಡಿದುಕೊಂಡು ನೇರ ನನ್ನ ಮೇಜಿಗೇ ಬಂದರು. ಕಣ್ಣು ಹೊಳೆಯುತ್ತಿತ್ತು.

"ಸಿಕ್ಕ ನೋಡ್ರಿ ಕಳ್ಳ! ಗವರ್ನರ್ ವಾಲ್ಕೂರ್!"

"ಯಾರ್ರೀ ಅದು?"

"ನಮ್ಮ ಸ್ಮಿತಾ ಮದುವಿ ಆಗತೀನಿ ಅಂತ ಹಟ ಹಿಡದಾಳಲ್ಲ, ಆ ಹುಡುಗನ ಮನೆತನದಾಂವ."

ಹೊಟ್ಟೆಯೊಳಗಿದ್ದುದು ಆಗ ಹೊರಗೆ ಬಂತು. ಮಗಳು ಸ್ಮಿತಾ ಫಿಸಿಕಲ್ ಥೆರಪಿ ಓದಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಜೂಲಿಯನ್ ವಾಲ್ಕೂರ್ ಎಂಬ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟರನ್ನು ಮದುವೆಯಾಗುವುದಾಗಿ ಹೇಳಿದ್ದಳು. ಹುಡುಗ ಆ ದ್ವೀಪದವನು. ದೇಸಾಯಿಯವರು ಅವನನ್ನು ನೋಡಿರಲಿಲ್ಲ. ಆನ್ಸರಿಂಗ್ ಮೆಷಿನ್ನಿನಲ್ಲಿ ದನಿ ಕೇಳಿದ್ದರು, ಹೆಸರು ಕೇಳಿದ್ದರು, ಅಷ್ಟೇ.

"ಹೆಣ್ಣು ಕೊಡೂ ಮುಂದ ಮನೆತನ ನೋಡಬೇಕಲ್ರೀ. ನಮ್ಮೂರಾಗಾದರ ಹುಡುಗನ ಸ್ವಾದರಮಾವನ್ನ ಹಿಡೀತಿದ್ದೆ, ಮಠದ ಅಯ್ಯನೋರನ್ನ ಕೇಳತಿದ್ದೆ, ಅವರ ಬಾವಿ ನೀರು ಕುಡಿದವರನ್ನ ಕೇಳತಿದ್ದೆ. ಇಲ್ಲೆ ಯಾರನ್ನ ಕೇಳ್ಲಿ? ಅದಕ್ಕ ಇದು." ಪುಸ್ತಕ ತಟ್ಟಿದರು. "ನೋಡ್ರಿ, ಈ ವಾಲ್ಕೂರ್ ಫ್ರೆಂಚರ ಕಡೆಯಿಂದ ಗವರ್ನರ್ ಆಗಿ ಬಂದ. ಇಂಗ್ಲಿಷರು ಊರು ಗೆದ್ದರು. ಮರ್ಯಾದಿ ಇದ್ದಾಂವ ಆದರ ಹಡಗ ಹತ್ತಬೇಕಿಲ್ಲೋ? ಇಲ್ಲ! ಇಂಗ್ಲಿಷರ ರಾಜಾಗ ಸಲಾಮ ಹೊಡದು ಅಲ್ಲೇ ಕುಂತ. ಕುರ್ಚಿ ಬಿಟ್ಟ, ಹೊಲ ಬಿಡಲಿಲ್ಲ! ಮತ್ತ ಫ್ರೆಂಚರು ಬಂದರು, ಅವರಿಗೂ ಸಲಾಮ. ಎರಡೂ ಕಡೆ ಸಲಾಮ ಹೊಡೆಯೋ ಮನೆತನಾ ನಂಬೂದು ಹ್ಯಾಂಗ?"

ಇನ್ನೂರು ವರ್ಷದ ಹಿಂದೆ ಸತ್ತವನ ನಡತೆಗೆ ಕೆಮಿಸ್ಟ್ರಿ ಮೇಷ್ಟರನ್ನು ಹಿಡಿದು ಬಡಿಯುವುದು ನ್ಯಾಯವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಮ್ಮ ಮನೆಯಲ್ಲೂ ನನ್ನ ಮದುವೆಗೆ ಮೊದಲು ಹುಡುಗನ ಮುತ್ತಜ್ಜನ ಮೂರನೆಯ ತಮ್ಮ ಯಾಕೆ ಮನೆಬಿಟ್ಟು ಹೋದ ಎಂದು ವಿಚಾರಿಸಿದ್ದರು. ನಮ್ಮವರ ಜಾಯಮಾನವೇ ಅದು.

ಮುಂದಿನ ವಾರ ಸ್ಮಿತಾ ಲೈಬ್ರರಿಗೆ ಬಂದಳು. ಹುಡುಗಿ ಸೊರಗಿದ್ದಳು.

"ಆಂಟಿ, ಅಪ್ಪ ನಿಮ್ಮ ಮಾತು ಕೇಳ್ತಾರೆ. ಪ್ಲೀಸ್ ಟಾಕ್ ಟು ಹಿಮ್. ಜೂಲಿಯನ್‌ನ ಗ್ರ್ಯಾಂಡ್‌ಮದರ್ ಲಂಚ್‌ಗೆ ಕರೆದಿದಾರೆ. ಅಪ್ಪ ಬರಲ್ಲ ಅಂತಾರೆ."

"ಬರದೆ ಇದ್ರೆ ಏನಾಗುತ್ತೆ?"

"ಅವನನ್ನ ಸಾಕಿದ್ದು ಅಜ್ಜಿನೇ ಆಂಟಿ. ಶೀ ಹ್ಯಾಸ್ ಟು ಸೇ ಯೆಸ್. ಅವರು ಒಪ್ಪದೆ ಅವನು ಮದುವೆ ಆಗಲ್ಲ. ಅಜ್ಜಿಗೂ ಡೌಟ್ ಇದೆ, ನಮ್ಮ ಮನೆ ಮೇಲೆ." ಅವಳ ಕಣ್ಣು ತುಂಬಿತು. "ಮತ್ತೆ ಅಪ್ಪ ನೋ ಅಂದ್ರೆ ನಾನು ಆ ಮನೆಯಲ್ಲಿ ಇರಲ್ಲ. ಐ ಮೀನ್ ಇಟ್."

ನನಗೆ ಆಶ್ಚರ್ಯವಾಯಿತು. ನಮ್ಮ ಮೇಲೆ ಅನುಮಾನವೇ? ಅನುಮಾನ ಪಡುವುದು ಹೆಣ್ಣಿನ ಕಡೆಯ ಹಕ್ಕು ಎಂದು ನಾವೆಲ್ಲ ತಿಳಿದಿದ್ದೆವು. ದೇಸಾಯಿಯವರಿಗೆ ಆ ಮಾತು ತಲುಪಿಸಿದೆ. ಅವರು ಕೆರಳಿ, "ನಮ್ಮ ಮನೆತನದ ಮ್ಯಾಲೆ ಸಂಶಯಾನ? ಬರತೀನಿ. ಬಂದ ಕೇಳತೀನಿ" ಎಂದರು. ನನ್ನ ಕೆಲಸ ಆಯಿತು. ಶಿವಕ್ಕ ಮಾತ್ರ ಫೋನ್ ಮಾಡಿ, "ನೀವೂ ಬರ್ರಿ ಮೈಥಿಲಿ. ಇವರು ಏನರೆ ಅಂದಬಿಟ್ಟರ ಹಿಡಿಯಾಕ ಒಬ್ಬರು ಬೇಕು" ಎಂದಳು.

ಮಾರ್ಚಿನ ಒಂದು ಭಾನುವಾರ ಹೈಯಟ್ಸ್‌ವಿಲ್ ಕಡೆಗೆ ಹೊರಟೆವು. ದೇಸಾಯಿಯವರು ದಾರಿಯುದ್ದಕ್ಕೂ ಯಾವ ಎಕ್ಸಿಟ್ ಬೋರ್ಡನ್ನೂ ನಂಬದೆ ಮ್ಯಾಪ್ ತೆಗೆಸಿ ನೋಡಿಸಿದರು. ಇಟ್ಟಿಗೆಯ ಪುಟ್ಟ ಮನೆ, ಮುಂದೆ ಜಗಲಿ. ಬಾಗಿಲು ತೆರೆದ ಹುಡುಗ ಎತ್ತರದವನು, ಕನ್ನಡಕ ಹಾಕಿದವನು, ಕಪ್ಪು ಜನರವನು. ನಗುತ್ತಾ ಕೈ ಜೋಡಿಸಿ "ಶರಣು" ಎಂದ. ಸ್ಮಿತಾ ಕಲಿಸಿದ್ದಿರಬೇಕು.

ದೇಸಾಯಿಯವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಫ್ರೆಂಚ್ ಗವರ್ನರನ ವಂಶದವನು ಬಿಳಿಯ ಹುಡುಗನೇ ಎಂದು ಅವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ನಾಚಿಕೆಯಾಯಿತು. ಅವರು ಮಗಳತ್ತ ತಿರುಗಿ ಮೆಲ್ಲಗೆ, "ಹೇಳಲಿಲ್ಲಲ್ಲ ನೀ?" ಎಂದರು.

"ಯೂ ನೆವರ್ ಆಸ್ಕ್ಡ್, ಅಪ್ಪ. ನೀವು ಬರೀ ಗವರ್ನರ್ ಬಗ್ಗೆ ಕೇಳಿದ್ರಿ."

ಅಜ್ಜಿಯ ಹೆಸರು ಎಲೋಡಿ. ದ್ವೀಪದಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಬೆನ್ನು ನೆಟ್ಟಗೆ, ನೋಟವೂ ನೆಟ್ಟಗೆ. ನಮ್ಮನ್ನು ಕೂಡಿಸಿ, ಒಬ್ಬೊಬ್ಬರನ್ನೇ ಪರೀಕ್ಷೆ ಹಾಲಿಗೆ ಬಂದ ಮಕ್ಕಳಂತೆ ನೋಡಿದರು. ದೇಸಾಯಿಯವರೂ ತಿರುಗಿ ನೋಡಿದರು. ಅಂಥ ಇಬ್ಬರು ಎದುರುಬದುರು ಕೂತರೆ ನಡುವೆ ಕೂತವರ ಗತಿ ಏನು ಎಂಬುದು ನನಗೆ ಅಂದು ಗೊತ್ತಾಯಿತು. ಆ ಮನೆಯಲ್ಲಿ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊಟದ ಮೇಜಿನ ಮೇಲೆ ಬೇಳೆ, ಅನ್ನ, ಕರಿದ ಬಾಳೆಕಾಯಿ, ಬೇಯಿಸಿದ ದೀವಿಹಲಸು. ಮೀನು ಮಾಂಸದ ಸುಳಿವಿಲ್ಲ. ಮಧ್ಯದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಶೇಂಗಾ ಚಟ್ನಿಪುಡಿ. ದೇಸಾಯಿಯವರ ಕಣ್ಣು ಅದರ ಮೇಲೆ ಬಿತ್ತು. "ಈ ಡಬ್ಬಿ ಎಲ್ಲೋ ನೋಡೀನಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ಮಿತಾ ತಂದಿರಬೇಕು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಎರಡು ತುತ್ತು ತಿಂದಿರಲಿಕ್ಕಿಲ್ಲ, ಕೇಳಿಯೇಬಿಟ್ಟರು. "ನೀವು ಗವರ್ನರ್ ವಾಲ್ಕೂರ್ ಅವರ ಮನೆತನದವರೇ?"

ಜೂಲಿಯನ್ ಚಮಚ ಕೆಳಗಿಟ್ಟ. ಅಜ್ಜಿ ಸಿಟ್ಟಾಗಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು. ಮುಚ್ಚಳದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದಿತ್ತು. ನಮ್ಮ ಕಡೆ ಪಾತ್ರೆ ಕೊಂಡ ದಿನವೇ ಅಂಗಡಿಯಲ್ಲಿ ಹೆಸರು ಕೊರೆಸುತ್ತಾರಲ್ಲ, ಹಾಗೆ.

"ಇದು ನಿಮ್ಮ ಲಿಪಿಯಂತೆ. ಏನು ಬರೆದಿದೆ, ಓದಿ."

ದೇಸಾಯಿಯವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಬ. ಶಿ. ದೇಸಾಯಿ."

"ಅಂದರೆ?"

"ಅಂದರೆ ನಾನು."

"ಓಹೋ. ಹಾಗಾದರೆ ಈ ಡಬ್ಬಿ ನಿಮ್ಮ ಮಗನೇ?"

"ಛೆ, ಮಗ ಹೇಗಾಗುತ್ತೆ? ನನ್ನ ಡಬ್ಬಿ, ಅದಕ್ಕೆ ನನ್ನ ಹೆಸರು. ಕಳೆದುಹೋಗಬಾರದಲ್ಲ."

"ನಮಗೂ ಹಾಗೆಯೇ ಹೆಸರು ಬಂತು" ಎಂದು ಅಜ್ಜಿ ಮುಚ್ಚಳ ಹಾಕಿದರು. "ಗವರ್ನರ್ ಹೇಸರಗತ್ತೆಗಳ ಜೊತೆ ಸೇರಿಸಿ ನಮ್ಮನ್ನು ಎಣಿಸಿದ. ಫ್ರೆಂಚರಿದ್ದಾಗಲೂ ನಾವು ವಾಲ್ಕೂರನವರು, ಇಂಗ್ಲಿಷರು ಬಂದಾಗಲೂ ವಾಲ್ಕೂರನವರು. ಗುಲಾಮಗಿರಿಯಿಂದ ಬಿಡುಗಡೆಯಾದ ದಿನ ಬೇರೆ ಹೆಸರು ಇರಲಿಲ್ಲ, ಅದೇ ಉಳಿಯಿತು. ನೀವು ವಿಚಾರಿಸಿದ್ದು ನಮ್ಮನ್ನಲ್ಲ ಮಿಸ್ಟರ್ ದೇಸಾಯಿ, ನಮ್ಮನ್ನು ಕೊಂಡವನನ್ನು."

ದೇಸಾಯಿಯವರ ಕಿವಿ ಕೆಂಪಗಾಗಿತ್ತು. ನನಗೆ ಅವರ ಮೇಲೆ ಕೋಪವೂ ಬಂತು, ಅಯ್ಯೋ ಎಂದೂ ಅನಿಸಿತು. ಚಳಿಗಾಲವಿಡೀ ಕೂತು ಓದಿದ್ದು ಡಬ್ಬಿಯ ಮೇಲಿನ ಹೆಸರನ್ನು!

"ಈಗ ನನ್ನ ಸರದಿ" ಎಂದರು ಅಜ್ಜಿ. "ನಮ್ಮಲ್ಲೂ ಮಕ್ಕಳನ್ನು ಕೊಡುವ ಮೊದಲು ಮನೆ ಎಂಥದ್ದು ಅಂತ ಕೇಳುತ್ತೇವೆ. ದೇಸಾಯಿ ಅಂದರೆ ಏನು?"

"ಅದು ಒಂದು ಹುದ್ದೆ. ಸುತ್ತಲಿನ ಹಳ್ಳಿಗಳ ಕಂದಾಯ ಎತ್ತುವುದು, ಊರು ನೋಡಿಕೊಳ್ಳುವುದು. ತಲೆತಲಾಂತರದಿಂದ ನಮ್ಮ ಮನೆಗೆ."

"ಯಾರಿಗೋಸ್ಕರ ಎತ್ತುತ್ತಿದ್ದಿರಿ?"

"ಪೇಶ್ವೆಯವರಿಗೆ." ತಟ್ಟೆಯತ್ತ ನೋಡುತ್ತಾ, "ಮಧ್ಯದಲ್ಲಿ ಟಿಪ್ಪುವಿಗೆ. ಮತ್ತೆ ಪೇಶ್ವೆಯವರಿಗೆ. ಆಮೇಲೆ ಕಂಪನಿಯವರಿಗೆ" ಎಂದರು. ಒಂದೊಂದು ಹೆಸರಿಗೂ ಅವರ ದನಿ ಇಳಿಯುತ್ತಾ ಹೋಯಿತು. ಲೈಬ್ರರಿಯ ಮೇಜು ತಟ್ಟಿ ತಾವೇ ಆಡಿದ ಮಾತು ಅವರಿಗೆ ನೆನಪಾಗಿರಬೇಕು. ನನಗಂತೂ ಆಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ಎಲೆಯ ನೊಣ ಹುಡುಕಿದ ಹಾಗಾಗಿತ್ತು.

"ನಿಮ್ಮ ಹೆಸರು ಹೊತ್ತವರು ಇದ್ದರೇ?" ಅಜ್ಜಿ ಕೇಳಿದರು. "ಮಕ್ಕಳಲ್ಲದವರು?"

ಇಲ್ಲ ಎಂದುಬಿಡಬಹುದಿತ್ತು. ಹೈಯಟ್ಸ್‌ವಿಲ್‌ನಲ್ಲಿ ಕೂತು ನವಲಗುಂದದ ಬಾವಿ ನೀರು ಕುಡಿದವರನ್ನು ಅಜ್ಜಿ ಎಲ್ಲಿಂದ ತರುತ್ತಿದ್ದರು? ನಾನೇ ಆಗಿದ್ದರೆ ಇಲ್ಲ ಎನ್ನುತ್ತಿದ್ದೆನೋ ಏನೋ. ಸ್ಮಿತಾ ತಂದೆಯ ಮುಖವನ್ನೇ ನೋಡುತ್ತಿದ್ದಳು. ಅವರು ತಟ್ಟೆಯ ಅನ್ನವನ್ನು ಒತ್ತಟ್ಟಿಗೆ ಸರಿಸಿದರು, ಮತ್ತೆ ಕಲಸಿದರು. ಆಮೇಲೆ ಕನ್ನಡದಲ್ಲೇ, ಮಗಳಿಗೆ ಹೇಳುವವರಂತೆ ಶುರುಮಾಡಿದರು.

"ಒಬ್ಬಾಂವ ಇದ್ದ. ದೇಸಾಯರ ಯಲ್ಲ್ಯಾ ಅಂತಿದ್ದರು. ಅವರಪ್ಪ ನಮ್ಮಜ್ಜನ ಕಡೆ ಸಾಲಾ ಮಾಡಿದ್ದನಂತ, ಅದಕ್ಕ ಇವನ ಜೀತ. ನನ್ನ ತನ್ನ ಹೆಗಲಮ್ಯಾಲೆ ಹೊತ್ತ ಸಾಲಿಗೆ ಕರಕೊಂಡ ಹೋಗತಿದ್ದ. ಮಳಿಯಾಗ ನಾ ಅಂವನ ಕಂಬಳಿಯೊಳಗ. ಸಾಲಿ ಕಟ್ಟಿ ಹೊರಗ ಕುಂಡ್ರತಿದ್ದ. ಅಂವಗೂ ನನ್ನಷ್ಟ ಮಗಾ ಇದ್ದ, ಆ ಮಗಾ ದನಾ ಕಾಯತಿದ್ದ. ಅಂವನ್ನೂ ದೇಸಾಯರ ಹುಡುಗ ಅಂತಿದ್ದರು." ಮಗಳತ್ತ ತಿರುಗಿದರು. "ಯಲ್ಲ್ಯಾನ ಮನೆತನದ ಅಡ್ಡಹೆಸರು ಏನು ಅಂತ ನಾ ಒಂದಿನಾನೂ ಕೇಳಲಿಲ್ಲವಾ. ಇರತೈತಿ ಅಂತ ಹೊಳೀಲೇ ಇಲ್ಲ."

ಆಮೇಲೆ ಅಷ್ಟನ್ನೂ ತಾವೇ ಇಂಗ್ಲಿಷಿನಲ್ಲಿ ಅಜ್ಜಿಗೆ ಹೇಳಿದರು. ಒಂದು ಮಾತನ್ನೂ ಮೃದು ಮಾಡಲಿಲ್ಲ. ಯಾರನ್ನೂ ನಂಬದ ಆ ಮನುಷ್ಯ ತನ್ನ ನೆಲವನ್ನು ತಾನೇ ಕೊರೆದು ಮಣ್ಣು ಮೇಜಿನ ಮೇಲಿಟ್ಟಿದ್ದರು. ಇಷ್ಟು ವರ್ಷಗಳಲ್ಲಿ ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಅಜ್ಜಿ ತಲೆಯಾಡಿಸಿದರು. "ನನಗೆ ಗೊತ್ತಿತ್ತು."

"ಗೊತ್ತಿತ್ತೇ? ಯಾರು ಹೇಳಿದರು?" ದೇಸಾಯಿಯವರ ಹಳೆಯ ಅನುಮಾನ ಒಮ್ಮೆಲೇ ಎದ್ದು ನಿಂತಿತು. ಮೊದಲು ನನ್ನತ್ತ ನೋಡಿದರು! ನಾನು ಮೈಸೂರಿನವಳು, ಯಲ್ಲ್ಯಾನ ಹೆಸರೇ ಕೇಳಿದವಳಲ್ಲ. ಆಮೇಲೆ ಮಗಳತ್ತ ನೋಡಿದರು. ಆಮೇಲೆ ಡಬ್ಬಿಯತ್ತ ನೋಡಿ, ನಿಧಾನವಾಗಿ ಹೆಂಡತಿಯತ್ತ ತಿರುಗಿದರು.

ಶಿವಕ್ಕ ಬಾಳೆಕಾಯಿ ಬಡಿಸಿಕೊಳ್ಳುತ್ತಿದ್ದಳು. "ನಾನ ಹೇಳೀನಿ. ನಾಕು ಸಲ ಬಂದೀನಿ ಇಲ್ಲಿಗೆ, ಡೇಕೇರಿಂದ ಬಸ್ಸು ಹತ್ತಿ. ಅವರೂ ಮನೆತನ ಕೇಳಿದರು, ನಾ ಇದ್ದದ್ದು ಇದ್ದಂಗ ಹೇಳಿದೆ. ಕೇಳೂದು ಬರೇ ನಿಮ್ಮ ಹಕ್ಕೇನು? ನಾ ನಿಮ್ಮ ವಾಡೇಕ ಸೊಸಿಯಾಗಿ ಬಂದ ದಿನ ಅಂವಗ ಹಿತ್ತಲದಾಗ ಉಣ್ಣಾಕ ಹಾಕಿದಾಕಿ ನಾನ ಅಲ್ಲೇನು?"

ಊರನ್ನೆಲ್ಲ ಅನುಮಾನಿಸಿದ ಮನುಷ್ಯನಿಗೆ, ಎದುರಿಗೆ ಕೂತು ದಿನಾ ರೊಟ್ಟಿ ಬಡಿಸುವವಳ ಮೇಲೆ ಅನುಮಾನ ಬಂದಿರಲೇ ಇಲ್ಲ.

"ಹುಡುಗಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ" ಎಂದರು ಅಜ್ಜಿ. "ತಂದೆ ಸುಳ್ಳು ಹೇಳುತ್ತಾನೋ ಎಂದು ನೋಡಬೇಕಿತ್ತು. ಹೇಳಿದ್ದರೆ ಊಟ ಹಾಕಿ ಕಳಿಸುತ್ತಿದ್ದೆ, ಅಷ್ಟೇ. ಗವರ್ನರನ ಮನೆಗೆ ನಮ್ಮವರು ಈವರೆಗೆ ಹಿತ್ತಲ ಬಾಗಿಲಿಂದ ಮಾತ್ರ ಹೋಗಿದ್ದಾರೆ. ನನ್ನ ಮೊಮ್ಮಗ ಯಾವ ಬಾಗಿಲಿಂದ ಬರಬೇಕು, ಮಿಸ್ಟರ್ ದೇಸಾಯಿ?"

ದೇಸಾಯಿಯವರು ಎದ್ದರು. ಜೂಲಿಯನ್ನನ ಹತ್ತಿರ ಹೋಗಿ, ಏನು ಮಾಡಬೇಕೆಂದು ತೋಚದೆ, ಅವನ ಹೆಗಲ ಮೇಲೆ ಕೈಯಿಟ್ಟು ನಿಂತರು. "ಮುಂಬಾಗಿಲಿಂದ" ಎಂದರು. ಇಂಗ್ಲಿಷಿನಲ್ಲಿ ಹೇಳಲು ಮರೆತರು. ಸ್ಮಿತಾ ಅಳುತ್ತಾ ಅದನ್ನು ಅವನಿಗೆ ಹೇಳಿದಳು.

ಯುಗಾದಿಗೆ ನಮ್ಮ ಕೂಟದ ಊಟ ರಾಕ್‌ವಿಲ್‌ನ ಶಾಲೆಯೊಂದರ ಕ್ಯಾಫಿಟೇರಿಯಾದಲ್ಲಿತ್ತು. ದೇಸಾಯಿಯವರು ಹುಡುಗನನ್ನೂ ಅಜ್ಜಿಯನ್ನೂ ಕರೆತಂದು ಮುಂದಿನ ಮೇಜಿನಲ್ಲೇ ಕೂಡಿಸಿದರು. ಸಭೆಯ ಕಣ್ಣೆಲ್ಲ ಅಲ್ಲೇ ನೆಟ್ಟಿತ್ತು. ಸೂರ್ಯನಾರಾಯಣ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ನಮ್ಮ ಬಳಿ ಬಂದರು.

"ಕಂಗ್ರಾಟ್ಸ್ ದೇಸಾಯಿಯವರೇ. ಹುಡುಗ ಯಾವುದೋ ಗವರ್ನರ್ ಮನೆತನದವನಂತೆ, ಹೌದಾ?"

"ಯಾರ ಹೇಳಿದರು ನಿಮಗ?" ದೇಸಾಯಿಯವರು ಗುರ್ರೆಂದರು. ಆ ಸ್ವಭಾವ ಎಲ್ಲಿ ಹೋದೀತು? ಆಮೇಲೆ ಜೂಲಿಯನ್ ಕೂತಿದ್ದ ಕಡೆ ನೋಡಿ ದನಿ ಇಳಿಸಿದರು. "ಅಲ್ರೀ. ಗವರ್ನರ್ ಮನೆತನ ನಂದು. ಅವರದು ಯಲ್ಲಪ್ಪನ ಮನೆತನ."

ಯಲ್ಲಪ್ಪ ಯಾರು ಎಂದು ಸೂರ್ಯನಾರಾಯಣ ಆಮೇಲೆ ನನ್ನನ್ನು ಕೇಳಿದರು. ಅವರನ್ನೇ ವಿಚಾರಿಸಿಕೊಳ್ಳಿ ಎಂದೆ. ಶಿವಕ್ಕ ಮಾತ್ರ ಗಂಡನ ಬಾಯಿಂದ ಯಲ್ಲ್ಯಾನ ಹೆಸರು ಯಲ್ಲಪ್ಪ ಎಂದು ಬಂದದ್ದನ್ನು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು.